ಕಸ ಗುಡಿಸುವ ಕಾಯಕದ ಶರಣೆ ಸತ್ಯಕ್ಕ



ಹನ್ನೆರಡನೆಯ ಶತಮಾನದ ಶರಣರ ಚರಿತ್ರೆಯಲ್ಲಿ ಬಹುಮಂದಿಯ ಹೆಸರಿನೊಡನೆ ಒಂದು ಕೆಲಸ ಸೇರಿಕೊಂಡಿದೆ. ಮಡಿವಾಳ ಮಾಚಯ್ಯನವರು ಬಟ್ಟೆ ಒಗೆದರು. ಅಂಬಿಗರ ಚೌಡಯ್ಯನವರು ದೋಣಿ ನಡೆಸಿದರು. ನುಲಿಯ ಚಂದಯ್ಯನವರು ಹಗ್ಗ ಹೊಸೆದರು. ಶರಣೆಯರೂ ಹಿಂದೆ ಉಳಿಯಲಿಲ್ಲ. ಕೊಟ್ಟಣದ ಸೋಮವ್ವೆಯವರು ಭತ್ತ ಕುಟ್ಟಿದರು, ಕದಿರ ರೆಮ್ಮವ್ವೆಯವರು ನೂಲು ತೆಗೆದರು. ಇವರೆಲ್ಲರ ನಡುವೆ ಶರಣೆ ಸತ್ಯಕ್ಕನವರು ಕೈಗೆ ತೆಗೆದುಕೊಂಡದ್ದು ಪೊರಕೆಯನ್ನು. ಶಿವಭಕ್ತರ ಮನೆಯಂಗಳದ ಕಸ ಗುಡಿಸುವುದೇ ಅವರ ಕಾಯಕವಾಗಿತ್ತು.

ಬಟ್ಟೆ ಒಗೆದವರ ಮುಂದೆ ಬಿಳಿಯ ಬಟ್ಟೆ ಇರುತ್ತದೆ, ನೂಲು ತೆಗೆದವರ ಮುಂದೆ ನೂಲಿನ ಲಡಿ ಇರುತ್ತದೆ. ಕಸ ಗುಡಿಸಿದವರ ಮುಂದೆ ಏನೂ ಇರುವುದಿಲ್ಲ. ಏನೂ ಇಲ್ಲದಂತೆ ಮಾಡುವುದೇ ಆ ಕೆಲಸದ ಫಲ. ಮರುದಿನ ಬೆಳಗಾದರೆ ಅದೇ ಅಂಗಳ, ಅದೇ ಕಸ. ಇಂಥ ಕೆಲಸವನ್ನು ಶಿವಪೂಜೆಯೆಂದು ಬಗೆದು ಬಾಳಿದ ತಾಯಿಯ ಚರಿತ್ರೆಯನ್ನು ಈ ಸಂಚಿಕೆಯಲ್ಲಿ ನಮ್ಮ ಗಡಿನಾಡ ಭಕ್ತರ ಮುಂದಿಡುತ್ತಿದ್ದೇವೆ. ಊರೂರ ಬಾಗಿಲಲ್ಲಿ ಕಸದ ರಾಶಿ ಬೆಳೆಯುತ್ತಿರುವ ಈ ಕಾಲದಲ್ಲಿ ಸತ್ಯಕ್ಕನವರ ಜೀವನ ನಮಗೆ ಬಹಳ ಹತ್ತಿರದ್ದೆಂದು ನಮ್ಮ ಭಾವನೆ.

ಜನ್ಮಸ್ಥಳ

ನಮ್ಮ ಕಲ್ಯಾಣದುರ್ಗದಿಂದ ಚಳ್ಳಕೆರೆ, ಚಿತ್ರದುರ್ಗ, ದಾವಣಗೆರೆ, ಹೊನ್ನಾಳಿ ದಾಟಿ ಪಶ್ಚಿಮಕ್ಕೆ ಹೋದರೆ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕು ಸಿಗುತ್ತದೆ. ಇದು ಪುಣ್ಯಭೂಮಿ. ಅಲ್ಲಮಪ್ರಭುಗಳ ಬಳ್ಳಿಗಾವಿ ಇಲ್ಲಿದೆ. ಅಕ್ಕಮಹಾದೇವಿಯವರ ಉಡುತಡಿ ಇಲ್ಲಿದೆ. ಅದೇ ತಾಲ್ಲೂಕಿನ ಹಿರೇಜಂಬೂರು ಸತ್ಯಕ್ಕನವರ ಊರು. ಅಲ್ಲಿಯ ಶಂಭು ಜಕ್ಕೇಶ್ವರನು ಅವರ ಆರಾಧ್ಯದೈವ. ತಮ್ಮ ವಚನಗಳಿಗೂ ಅವರು ಆ ದೇವರ ಹೆಸರನ್ನೇ ಅಂಕಿತವಾಗಿ ಇಟ್ಟುಕೊಂಡರು. ಬಸವಣ್ಣನವರು ಕೂಡಲಸಂಗಮದೇವನನ್ನೂ ಅಕ್ಕನವರು ಚೆನ್ನಮಲ್ಲಿಕಾರ್ಜುನನನ್ನೂ ಕರೆದಂತೆ, ಸತ್ಯಕ್ಕನವರು ತಮ್ಮ ಊರ ದೇವರನ್ನು ಕರೆದರು.

ಅವರ ಜೀವನದ ವಿವರಗಳು ಹೆಚ್ಚಾಗಿ ಉಳಿದುಬಂದಿಲ್ಲ. ಅರಮನೆಯಲ್ಲಿದ್ದವರ ಚರಿತ್ರೆಯನ್ನು ಶಾಸನದಲ್ಲಿ ಕೆತ್ತಿಸುತ್ತಾರೆ. ಅಂಗಳ ಗುಡಿಸಿದವರ ಚರಿತ್ರೆಯನ್ನು ಕೆತ್ತಿಸುವವರು ಯಾರು? ಆದರೆ ಅವರ 27 ವಚನಗಳು ಉಳಿದಿವೆ. ಈ ತಾಯಿಯನ್ನು ಅರಿಯಲು ಅವೇ ನಮಗೆ ದೊಡ್ಡ ಆಧಾರ. ತಾಳೆಗರಿಗಳಲ್ಲಿದ್ದ ಶರಣರ ವಚನಗಳನ್ನು ಊರೂರು ತಿರುಗಿ ಕೂಡಿಸಿ ಅಚ್ಚು ಹಾಕಿಸಿದ ಪುಣ್ಯಾತ್ಮರು ಡಾ. ಫ. ಗು. ಹಳಕಟ್ಟಿಯವರು. ಮುಂದೆ 1993ರಲ್ಲಿ ಕರ್ನಾಟಕ ಸರ್ಕಾರ 15 ಸಂಪುಟಗಳಲ್ಲಿ ಸಮಗ್ರ ವಚನ ಸಾಹಿತ್ಯವನ್ನು ಹೊರತಂದಾಗ ಶಿವಶರಣೆಯರಿಗೇ ಒಂದು ಸಂಪುಟ ಮೀಸಲಾಯಿತು.

ಅಂಗಳ ಗುಡಿಸುವ ಕಾಯಕ

ಸತ್ಯಕ್ಕನವರ ಕಾಲದ ಕಸ ಯಾವುದೆಂದು ಒಮ್ಮೆ ಯೋಚಿಸಿ ನೋಡೋಣ. ದನದ ಸಗಣಿ, ಮೇವಿನ ಉಳಿಕೆ, ಒಲೆಯ ಬೂದಿ, ಮರದಿಂದ ಉದುರಿದ ಎಲೆ, ಕೇರಿದ ಧಾನ್ಯದ ಹೊಟ್ಟು, ಉಂಡೆಸೆದ ಎಲೆ. ಒಡೆದ ಮಡಕೆಯ ಚೂರೊಂದನ್ನು ಬಿಟ್ಟರೆ ಉಳಿದದ್ದೆಲ್ಲವೂ ಒಂದೆರಡು ಮಳೆಗೆ ಮಣ್ಣಾಗುವಂಥದು. ಗುಡಿಸಿದ ಕಸ ತಿಪ್ಪೆಗೆ ಹೋಗುತ್ತಿತ್ತು, ತಿಪ್ಪೆ ಹೊಲಕ್ಕೆ ಹೋಗುತ್ತಿತ್ತು, ಹೊಲದ ಧಾನ್ಯ ಮನೆಗೆ ಬರುತ್ತಿತ್ತು.

ಅಂಗಳವೆಂದರೆ ಮನೆಯ ಹೊರಗಿನ ಜಾಗ ಮಾತ್ರವಲ್ಲ. ಜಂಗಮರು ಬಂದು ನಿಲ್ಲುವ ತಾಣ, ಹಸಿದು ಬಂದವರು ಕೂರುವ ತಾಣ, ಕೂಸು ಅಂಬೆಗಾಲಿಡುವ ತಾಣ. ಮನೆಯೊಳಗೆ ಎಷ್ಟು ಪೂಜೆ ನಡೆದರೂ ಅಂಗಳದಲ್ಲಿ ಕಸ ಬಿದ್ದಿದ್ದರೆ ಬಂದವರಿಗೆ ಗೌರವವಿಲ್ಲ. ಸತ್ಯಕ್ಕನವರು ತಮ್ಮ ಮನೆಯ ಅಂಗಳವನ್ನಷ್ಟೇ ಗುಡಿಸಿದ್ದರೆ ಅದು ಎಲ್ಲ ಗೃಹಿಣಿಯರೂ ಮಾಡುವ ಕೆಲಸವಾಗುತ್ತಿತ್ತು. ಅವರು ಅನ್ಯರ ಅಂಗಳಕ್ಕೆ ಹೋಗಿ ಗುಡಿಸಿದರು. ಅದನ್ನು ಕೀಳೆಂದು ಭಾವಿಸಲಿಲ್ಲ, ಅದರಿಂದ ತಾವು ಕೀಳಾದೆವೆಂದೂ ಭಾವಿಸಲಿಲ್ಲ. ಕಾಯಕದಲ್ಲಿ ಮೇಲು ಕೀಳಿಲ್ಲವೆಂಬ ಬಸವಾದಿ ಪ್ರಮಥರ ತತ್ವ ಎಷ್ಟು ಗಟ್ಟಿಯೆಂಬುದಕ್ಕೆ ಪೊರಕೆಗಿಂತ ದೊಡ್ಡ ಪರೀಕ್ಷೆ ಬೇರೆ ಇಲ್ಲ.

ಬಿದ್ದ ಹೊನ್ನನ್ನು ಮುಟ್ಟದ ನೇಮ

ಸತ್ಯಕ್ಕನವರ ವಚನಗಳಲ್ಲಿ ಬಹು ಪ್ರಸಿದ್ಧವಾದುದು ಅವರ ಪ್ರಾಮಾಣಿಕತೆಯ ನೇಮವನ್ನು ಸಾರುವ ವಚನ. ಲಂಚಕ್ಕೂ ವಂಚನೆಗೂ ಕೈಯೊಡ್ಡುವುದಿಲ್ಲ, ದಾರಿಯಲ್ಲಿ ಚಿನ್ನ ಬಿದ್ದಿರಲಿ ಸೀರೆ ಬಿದ್ದಿರಲಿ ಅದನ್ನು ಕೈಯಿಂದ ಮುಟ್ಟಿ ಎತ್ತುವುದಿಲ್ಲ ಎಂಬುದು ಆ ನೇಮ. ಶಿವನ ಮೇಲೂ ಶಿವಗಣಂಗಳ ಮೇಲೂ ಆಣೆಯಿಟ್ಟು ಅವರು ಇದನ್ನು ಹೇಳುತ್ತಾರೆ. ಶಿವನಿತ್ತದ್ದರಲ್ಲಿ ಬಾಳುವವರು ತಾವು, ಪರದ್ರವ್ಯಕ್ಕೆ ಆಸೆಪಟ್ಟರೆ ಶಿವನೇ ತಮ್ಮನ್ನು ಕೈಬಿಡಲಿ ಎಂಬ ಕಠಿಣವಾದ ನಿಲುವು ಅವರದು.

ಈ ವಚನವನ್ನು ಅನೇಕರು ಸಾಮಾನ್ಯವಾದ ನೀತಿಬೋಧೆಯೆಂದು ಓದುತ್ತಾರೆ. ಅವರ ಕಾಯಕವನ್ನು ನೆನಪಿನಲ್ಲಿಟ್ಟುಕೊಂಡು ಓದಿದರೆ ಅರ್ಥ ಇನ್ನೂ ಆಳವಾಗುತ್ತದೆ. ಬೆಳಗಿನ ಜಾವ ಎಲ್ಲರಿಗಿಂತ ಮೊದಲು ಬೀದಿಗೆ ಬರುವವರು ಗುಡಿಸುವವರು. ರಾತ್ರಿ ಬಿದ್ದದ್ದು, ಯಾರೋ ಕಳೆದುಕೊಂಡದ್ದು, ಮೂಗುಬೊಟ್ಟು, ಕಾಸು, ಮೊದಲು ಅವರ ಪೊರಕೆಗೇ ಸಿಗುತ್ತದೆ. ಆ ಹೊತ್ತಿನಲ್ಲಿ ನೋಡುವವರು ಯಾರೂ ಇಲ್ಲ. ಕಸದೊಡನೆ ಬಂದದ್ದು ಕಸದೊಡನೆ ಹೋಯಿತೆಂದರೆ ಕೇಳುವವರೂ ಇಲ್ಲ. ಅಂಥ ಏಕಾಂತದಲ್ಲಿ ನಿಂತು ಮಾಡಿದ ನೇಮ ಇದು. ಸಾವಿರಾರು ಹೊನ್ನಿನ ಭಂಡಾರದಲ್ಲಿ ಕುಳಿತು ಲೆಕ್ಕ ತಪ್ಪದ ಬಸವಣ್ಣನವರ ಶುದ್ಧತೆಯೂ, ಬೀದಿಯ ಧೂಳಿನಲ್ಲಿ ಹೊನ್ನು ಕಂಡು ಕೈಚಾಚದ ಸತ್ಯಕ್ಕನವರ ಶುದ್ಧತೆಯೂ ಒಂದೇ ತೂಕದವು. ಹೆಸರಿಗೆ ತಕ್ಕಂತೆ ಬಾಳಿದ ತಾಯಿ ಅವರು.

ಪೊರಕೆ ಹಿಡಿದವರಿಗೆ ತತ್ವಜ್ಞಾನ ಎಲ್ಲಿಯದೆಂದು ಕೇಳುವವರಿಗೂ ಅವರ ವಚನಗಳು ಉತ್ತರ ಕೊಡುತ್ತವೆ. ದೇಹದ ಗುರುತುಗಳನ್ನು ನೋಡಿ ಹೆಣ್ಣು ಗಂಡೆಂದು ಭೇದವೆಣಿಸುವುದನ್ನು ಅವರು ಒಪ್ಪಲಿಲ್ಲ. ಎಂಟುನೂರು ವರ್ಷಗಳ ಹಿಂದೆ, ಕಸ ಗುಡಿಸುವ ಹೆಣ್ಣುಮಗಳೊಬ್ಬರು ಇಂಥ ಮಾತನ್ನಾಡಿ, ಅದನ್ನು ಕೇಳಿದವರು ತಾಳೆಗರಿಯಲ್ಲಿ ಬರೆದಿಟ್ಟರೆಂದರೆ ಆ ಶರಣ ಸಮಾಜ ಎಂಥದಿದ್ದಿರಬೇಕು!

ಸತ್ಯಕ್ಕನವರ ಜೊತೆಗೆ ನೆನೆಯಬೇಕಾದ ದಂಪತಿಗಳು

ಸತ್ಯಕ್ಕನವರನ್ನು ನೆನೆಯುವಾಗ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳನ್ನು ನೆನೆಯದಿದ್ದರೆ ಚಿತ್ರ ಪೂರ್ಣವಾಗುವುದಿಲ್ಲ. ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯನವರು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದರು. ಸಾವಿರಾರು ಮಂದಿಗೆ ದಾಸೋಹ ನಡೆಯುವಲ್ಲಿ ಅಕ್ಕಿ ಚೆಲ್ಲುವುದು ಸಹಜ. ಕಾಲ್ತುಳಿತಕ್ಕೆ ಸಿಕ್ಕಿ ಕಸವಾಗಿ ಹೋಗಬೇಕಾದ ಆ ಕಾಳುಗಳಿಂದ ಲಕ್ಕಮ್ಮನವರು ಅಡುಗೆ ಮಾಡಿ ಜಂಗಮ ದಾಸೋಹ ನಡೆಸುತ್ತಿದ್ದರು. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಬೇಕಾದಷ್ಟಕ್ಕಿಂತ ಹೆಚ್ಚಿನದು ನಮಗೆ ಸಲ್ಲದೆಂದು ಲಕ್ಕಮ್ಮನವರು ಅದನ್ನು ಹಿಂದಕ್ಕೆ ಕಳಿಸಿದ ಪ್ರಸಂಗ ಎಲ್ಲರಿಗೂ ತಿಳಿದದ್ದೇ.

ಕಸದ ವಿಷಯದಲ್ಲಿ ಇಂದು ಪಂಡಿತರು ಹೇಳುವುದೆಲ್ಲ ಈ ಎರಡು ಮನೆಗಳಲ್ಲಿ ಅಡಗಿದೆ. ಮೊದಲನೆಯದು, ಬೇಕಾದುದಕ್ಕಿಂತ ಹೆಚ್ಚು ಮನೆಗೆ ತರಬಾರದು. ಅದು ಲಕ್ಕಮ್ಮನವರ ಪಾಠ. ಎರಡನೆಯದು, ಬಳಕೆಗೆ ಬರುವುದನ್ನು ಕಸವಾಗಲು ಬಿಡದೆ ಆಯ್ದುಕೊಳ್ಳಬೇಕು. ಅದು ಮಾರಯ್ಯನವರ ಪಾಠ. ಮೂರನೆಯದು, ಇಷ್ಟಾದ ಮೇಲೂ ಉಳಿದ ಕಸವನ್ನು ನಮ್ಮ ಕೈಯಿಂದಲೇ ತೆಗೆಯಬೇಕು. ಅದು ಸತ್ಯಕ್ಕನವರ ಪಾಠ. ನಾವು ಈಗ ಮೂರನೆಯದನ್ನು ಮಾತ್ರ ಉಳಿಸಿಕೊಂಡು, ಅದನ್ನೂ ಬೇರೆಯವರ ಕೈಗೆ ಕೊಟ್ಟಿದ್ದೇವೆ.

ಕಾಯಕ ಮತ್ತೆ ಜಾತಿಯಾದದ್ದು

ಇಲ್ಲಿ ಒಂದು ಕಹಿಯಾದ ಮಾತನ್ನು ಹೇಳದೆ ಮುಂದೆ ಹೋಗಲಾಗದು. ಸತ್ಯಕ್ಕನವರು ಪೊರಕೆಯನ್ನು ತಾವಾಗಿ ಹಿಡಿದರು. ಕಲ್ಯಾಣದ ವಿಪ್ಲವದ ಬಳಿಕ ಶರಣರು ಚದುರಿಹೋದ ಮೇಲೆ ಸಮಾಜ ಹಳೆಯ ಹಾದಿಗೇ ಮರಳಿತು. ಗುಡಿಸುವುದು, ಸತ್ತ ದನ ಎಳೆಯುವುದು, ಮಲ ಹೊರುವುದು ಇವೆಲ್ಲ ಹುಟ್ಟಿನಿಂದ ಬಂದ ಹೊರೆಯಾಗಿ ಕೆಲವೇ ಕೇರಿಗಳ ತಲೆಯ ಮೇಲೆ ಬಿದ್ದವು. ಮನಸ್ಸಿನಿಂದ ಮಾಡಿದರೆ ಕಾಯಕ, ಬಲವಂತದಿಂದ ಮಾಡಿಸಿದರೆ ಬಿಟ್ಟಿ. ಎರಡಕ್ಕೂ ಪೊರಕೆ ಒಂದೇ ಆದರೂ ಎರಡೂ ಒಂದಲ್ಲ. ಆದ್ದರಿಂದ ಸತ್ಯಕ್ಕನವರ ಹೆಸರು ಹೇಳಿ ಇನ್ನೊಬ್ಬರ ಕೈಗೆ ಪೊರಕೆ ಕೊಡುವ ಅಧಿಕಾರ ಯಾರಿಗೂ ಇಲ್ಲ. ಅವರ ಹೆಸರು ಹೇಳುವವರು ಮೊದಲು ತಾವು ಪೊರಕೆ ಹಿಡಿಯಬೇಕು.

ಈ ಹೊರೆಯನ್ನು ಇಳಿಸುವ ಪ್ರಯತ್ನಗಳು ಬಹಳ ತಡವಾಗಿ ಬಂದವು. 1970ರ ದಶಕದ ಆರಂಭದಲ್ಲಿ ದೇವರಾಜ ಅರಸು ಅವರ ಮಂತ್ರಿಮಂಡಲದಲ್ಲಿದ್ದ, ಹರಿಹರದಲ್ಲಿ ಹುಟ್ಟಿದ ಬಿ. ಬಸವಲಿಂಗಪ್ಪನವರು ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಿದರು. ಪೌರಕಾರ್ಮಿಕರ ವಸತಿ, ವೇತನ, ಸಂಖ್ಯೆಗಳ ಬಗ್ಗೆ ಐ. ಪಿ. ಡಿ. ಸಾಲಪ್ಪನವರ ಸಮಿತಿ 1976ರಲ್ಲಿ ವರದಿ ಕೊಟ್ಟಿತು. ಕೇಂದ್ರದ ಕಾನೂನು 1993ರಲ್ಲಿ ಬಂತು. ಅದು ಸಾಲದೆ 2013ರಲ್ಲಿ ಇನ್ನೊಂದು ಕಾನೂನು ಮಾಡಬೇಕಾಯಿತು. ಜಂಬೂರಿನ ತಾಯಿ ಪೊರಕೆಗೆ ಕೊಟ್ಟ ಗೌರವವನ್ನು ಕಾಗದದ ಮೇಲೆ ಬರೆಯಲು ನಮಗೆ ಎಂಟು ಶತಮಾನ ಹಿಡಿಯಿತು. ಮನಸ್ಸಿನಲ್ಲಿ ಬರೆದುಕೊಳ್ಳುವುದು ಇನ್ನೂ ಬಾಕಿಯಿದೆ.

ನಮ್ಮ ಸೀಮೆಯ ತಿಪ್ಪೆ

ಈಗ ನಮ್ಮ ಕಲ್ಯಾಣದುರ್ಗದ ಕಡೆಗೆ ಬರೋಣ. ಅನಂತಪುರ ಸೀಮೆ ದೇಶದಲ್ಲೇ ಬಹಳ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಒಂದು. ಇಂಥ ನೆಲದಲ್ಲಿ ಗೊಬ್ಬರವೇ ರೈತನ ಬಂಡವಾಳ. ನಮ್ಮ ಹಿರಿಯರು ತಿಪ್ಪೆಯನ್ನು ಹೊಲಸೆಂದು ನೋಡಲಿಲ್ಲ, ಆಸ್ತಿಯೆಂದು ನೋಡಿದರು. ಅಣ್ಣತಮ್ಮಂದಿರು ಬೇರೆಯಾಗುವಾಗ ಹೊಲ, ಮನೆ, ದನಗಳ ಜೊತೆಗೆ ತಿಪ್ಪೆಯಲ್ಲೂ ಪಾಲು ಕೇಳುತ್ತಿದ್ದರು. ಯುಗಾದಿ ಕಳೆದ ಮೇಲೆ ಬಂಡಿ ಕಟ್ಟಿ ತಿಪ್ಪೆಯ ಗೊಬ್ಬರವನ್ನು ಹೊಲಕ್ಕೆ ಹೊಡೆದು, ಮಳೆಗೆ ಮುಂಚೆ ಹರಡುತ್ತಿದ್ದರು. ಮಕ್ಕಳಿಗೆ ತಿಪ್ಪೇಸ್ವಾಮಿ, ತಿಪ್ಪಮ್ಮ ಎಂದು ಹೆಸರಿಡುವ ಸೀಮೆ ನಮ್ಮದು. ಗಡಿಯಾಚೆಯ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ಜಾತ್ರೆಗೆ ನಮ್ಮ ಭಕ್ತರು ಹೋಗುತ್ತಾರೆ. ತಿಪ್ಪೆಯ ಹೆಸರನ್ನು ದೇವರ ಹೆಸರಿಗೆ ಸೇರಿಸಿ ಕೈಮುಗಿಯುವವರು ಕಸವನ್ನು ಅಸಡ್ಡೆ ಮಾಡಬಹುದೇ?

ಕೆಟ್ಟದ್ದು ಯಾವಾಗ? ಮಣ್ಣಾಗದ ವಸ್ತು ತಿಪ್ಪೆಗೆ ಬಿದ್ದಾಗ. ಪ್ಲಾಸ್ಟಿಕ್ ಚೀಲ, ಹಾಲಿನ ಪ್ಯಾಕೆಟ್ಟು, ಗುಟ್ಕಾ ಚೀಟಿ, ಥರ್ಮಕೋಲ್ ತಟ್ಟೆ, ಔಷಧದ ಸೀಸೆ, ಬ್ಲೇಡು. ಇವು ಸೇರಿದ ಗೊಬ್ಬರವನ್ನು ಹೊಲಕ್ಕೆ ಹಾಕಲು ರೈತ ಹೆದರುತ್ತಾನೆ. ಹೊಲಕ್ಕೆ ಹೋಗದ ತಿಪ್ಪೆ ರಸ್ತೆಯ ಬದಿಗೆ ಹೋಗುತ್ತದೆ. ಅಲ್ಲಿ ಅನ್ನದ ವಾಸನೆಗೆ ಬಂದ ದನ ಚೀಲವನ್ನೂ ಸೇರಿಸಿ ನುಂಗುತ್ತದೆ. ಉಳಿದದ್ದಕ್ಕೆ ಯಾರೋ ಬೆಂಕಿ ಹಚ್ಚುತ್ತಾರೆ. ಆ ವಿಷದ ಹೊಗೆ ಊರಿನ ಕೂಸುಗಳ ಎದೆಗೇ ಇಳಿಯುತ್ತದೆ. ಎಲ್ಲಕ್ಕಿಂತ ನೋವಿನ ಸಂಗತಿಯೆಂದರೆ, ಬೆರೆತ ಕಸದೊಳಗಿನ ಗಾಜು, ಬ್ಲೇಡು, ಸೂಜಿ ಮೊದಲು ಚುಚ್ಚುವುದು ಅದನ್ನು ಎತ್ತುವ ತಾಯಿಯ ಕೈಗೆ.

ನಮ್ಮಲ್ಲಿ ಸರ್ಕಾರದ ಪ್ರಕಟಣೆಗಳು ತೆಲುಗಿನಲ್ಲಿ ಬರುತ್ತವೆ. ಕನ್ನಡ ಮಾತ್ರ ಓದಬಲ್ಲ ಹಿರಿಯರ ಅನುಕೂಲಕ್ಕಾಗಿ ಮುಖ್ಯ ಸಂಗತಿಗಳನ್ನು ಇಲ್ಲಿ ಹೇಳುತ್ತೇವೆ. ಮನೆಯಲ್ಲೇ ಕಸವನ್ನು ಬೇರ್ಪಡಿಸಿ ಕೊಡಬೇಕೆಂದು 2016ರ ಕೇಂದ್ರ ನಿಯಮಗಳು ವಿಧಿಸಿದವು. ಗಾಡಿಯವರು ತಡಿ ಚೆತ್ತ ಎನ್ನುವುದು ಹಸಿ ಕಸಕ್ಕೆ. ಅದು ಹಸಿರು ಬುಟ್ಟಿಗೆ. ಪೊಡಿ ಚೆತ್ತ ಎನ್ನುವುದು ಒಣ ಕಸಕ್ಕೆ. ಅದು ನೀಲಿ ಬುಟ್ಟಿಗೆ. ಬ್ಲೇಡು, ಸೂಜಿ, ಹಳೆಯ ಔಷಧ, ಬ್ಯಾಟರಿ ಸೆಲ್ಲುಗಳು ಮೂರನೆಯ ಬಗೆ. ಅವು ಕೆಂಪು ಬುಟ್ಟಿಗೆ. ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ಸಾಮಾನುಗಳನ್ನು 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷೇಧಿಸಲಾಯಿತು. ಆಂಧ್ರದ ಪಟ್ಟಣಗಳಲ್ಲಿ ಕಸ ಎತ್ತಲು ವಿಧಿಸಿದ್ದ ಶುಲ್ಕ ಜನರ ಬಾಯಲ್ಲಿ ಕಸದ ತೆರಿಗೆಯಾಗಿ, ಅದನ್ನು ತೆಗೆಯುವುದಾಗಿ 2024ರಲ್ಲಿ ಸರ್ಕಾರ ಘೋಷಿಸಿತು. ತೆರಿಗೆ ಬಂದರೂ ಹೋದರೂ ಕಸ ಮಾತ್ರ ಹೋಗುವುದಿಲ್ಲ. ಅದನ್ನು ಮಾಡಿದವರೇ ಅದಕ್ಕೆ ಹೊಣೆ.

ಭಕ್ತರಲ್ಲಿ ವಿನಂತಿ

ಮಠದ ಲೆಕ್ಕಪತ್ರ ನೋಡುವವರಾದ ನಮಗೆ ಒಂದು ವಿಷಯ ಹೊಳೆಯುತ್ತದೆ. ಜಾತ್ರೆಯ ಖರ್ಚಿನ ಪುಸ್ತಕದಲ್ಲಿ ಅಕ್ಕಿ, ಬೇಳೆ, ಬೆಲ್ಲ, ಊಟದೆಲೆ ಎಲ್ಲಕ್ಕೂ ಕಾಲಂ ಇರುತ್ತದೆ. ಉಂಡ ಎಲೆ ಎಲ್ಲಿಗೆ ಹೋಯಿತೆಂಬುದಕ್ಕೆ ಸಾಮಾನ್ಯವಾಗಿ ಯಾವ ಪುಸ್ತಕದಲ್ಲೂ ಕಾಲಂ ಇರುವುದಿಲ್ಲ. ಜಮಾ ಬರೆದ ಮೇಲೆ ಖರ್ಚನ್ನೂ ಬರೆಯಬೇಕು. ತಂದದ್ದರ ಲೆಕ್ಕ ಇಟ್ಟವರು ಉಳಿದದ್ದರ ಲೆಕ್ಕವನ್ನೂ ಇಡಬೇಕು. ಆದ್ದರಿಂದ ದಾಸೋಹ, ಮದುವೆ, ಗೃಹಪ್ರವೇಶ, ಜಾತ್ರೆ ನಡೆಸುವ ಎಲ್ಲ ಭಕ್ತರಲ್ಲಿ ನಮ್ಮ ವಿನಂತಿ ಇಷ್ಟೆ.

ಪ್ಲಾಸ್ಟಿಕ್ ಲೇಪದ ತಟ್ಟೆ ಲೋಟಗಳನ್ನು ಬಿಟ್ಟು ಮುತ್ತುಗದ ಎಲೆ, ಬಾಳೆ ಎಲೆ ಅಥವಾ ತೊಳೆದು ಬಳಸುವ ಸ್ಟೀಲಿನ ತಟ್ಟೆಗಳನ್ನು ಇಡಿ. ಬಡಿಸುವಾಗ ಕೇಳಿ ಬಡಿಸಿ. ಎಲೆಯಲ್ಲಿ ಅನ್ನ ಬಿಡುವುದು ಪ್ರಸಾದಕ್ಕೆ ಮಾಡುವ ಅಪಚಾರ. ಉಂಡ ಎಲೆ, ತರಕಾರಿ ಸಿಪ್ಪೆಗಳಿಗೆ ಊಟದ ಜಾಗದ ಹತ್ತಿರವೇ ಗುಂಡಿ ತೆಗೆಸಿ.

ಗುಂಡಿಯ ವಿಧಾನ ಬಹಳ ಸುಲಭ. ಬೆಂಗಳೂರಿನ ಟಾಟಾ ವಿಜ್ಞಾನ ಮಂದಿರದಲ್ಲಿ 1939ರ ಸುಮಾರಿಗೆ ಆಚಾರ್ಯ ಎಂಬ ವಿಜ್ಞಾನಿಗಳು ಪಟ್ಟಣದ ಕಸದಿಂದ ಗೊಬ್ಬರ ಮಾಡುವ ಕ್ರಮವನ್ನು ರೂಪಿಸಿದರು. ಅದು ಬೆಂಗಳೂರು ಪದ್ಧತಿಯೆಂದೇ ಜಗತ್ತಿನ ಕೃಷಿ ಪುಸ್ತಕಗಳಲ್ಲಿ ಹೆಸರಾಗಿದೆ. ಸುಮಾರು ಒಂದು ಮೀಟರು ಆಳದ ಗುಂಡಿಯಲ್ಲಿ ಒಂದು ಗೇಣು ಹಸಿ ಕಸ, ಅದರ ಮೇಲೆ ತೆಳುವಾಗಿ ಸಗಣಿ ಬಗ್ಗಡ, ಹೀಗೆ ಒಂದರ ಮೇಲೊಂದು ಪದರ ಹಾಕಿ, ತುಂಬಿದ ಮೇಲೆ ಮಣ್ಣು ಮುಚ್ಚಿಬಿಡಬೇಕು. ಮತ್ತೆ ಮಗುಚುವ ಕೆಲಸವಿಲ್ಲ, ನೀರೂ ಹೆಚ್ಚು ಬೇಡ. ಕೆಲವು ತಿಂಗಳುಗಳಲ್ಲಿ ಒಳ್ಳೆಯ ಗೊಬ್ಬರ ಸಿದ್ಧ. ನೀರಿಲ್ಲದ ನಮ್ಮ ಸೀಮೆಗೆ ಹೇಳಿಮಾಡಿಸಿದ ಕ್ರಮ. ಕುಡಿಯುವ ನೀರಿನ ಬಾವಿ, ಬೋರುಗಳಿಂದ ಗುಂಡಿ ದೂರವಿರಲಿ.

ಮನೆಗಳಲ್ಲಿ ಬ್ಲೇಡು, ಒಡೆದ ಗಾಜುಗಳನ್ನು ಕಾಗದದಲ್ಲಿ ಸುತ್ತಿ, ಗುರುತು ಮಾಡಿ, ಪ್ರತ್ಯೇಕವಾಗಿ ಕೊಡಿ. ಬೀದಿ ಗುಡಿಸಲು ಬರುವ ತಾಯಂದಿರನ್ನು ಹೆಸರು ಹಿಡಿದು, ಅಕ್ಕ ಎಂದೋ ಅಮ್ಮ ಎಂದೋ ಕರೆಯಿರಿ. ಬಿಸಿಲಿನಲ್ಲಿ ಕುಡಿಯಲು ನೀರು ಕೊಡಿ. ನಮ್ಮ ದಾಸೋಹದ ಪಂಕ್ತಿಯಲ್ಲಿ ಅವರನ್ನು ಕೊನೆಗೆ ಕರೆಯದೆ ಎಲ್ಲರೊಡನೆ ಕೂರಿಸಿ. ಜಾತ್ರೆ ಮುಗಿದ ಮರುದಿನ ಬೆಳಗ್ಗೆ ಭಕ್ತರೇ, ಅದರಲ್ಲೂ ಯುವಕರು, ಪೊರಕೆ ಹಿಡಿದು ಬನ್ನಿ. ತೇರು ಎಳೆದ ಕೈಗೆ ಪೊರಕೆ ಭಾರವಾಗಲಾರದು.

ಜಂಬೂರಿನ ಆ ತಾಯಿಗೆ ಮಂದಿರ ಕಟ್ಟಿಸಿ ಎಂದು ನಾವು ಕೇಳುತ್ತಿಲ್ಲ. ದಾರಿಯಲ್ಲಿ ಬಿದ್ದ ಚಿನ್ನವನ್ನು ಅವರು ಎತ್ತಲಿಲ್ಲ, ಅಂಗಳದಲ್ಲಿ ಬಿದ್ದ ಕಸವನ್ನು ಎತ್ತಿದರು. ನಾವು ಇಂದು ಇದಕ್ಕೆ ತಿರುವುಮುರುವಾಗಿ ನಡೆಯುತ್ತಿಲ್ಲವೇ ಎಂದು ಪ್ರತಿಯೊಬ್ಬ ಭಕ್ತರೂ ತಮ್ಮ ತಮ್ಮ ಮನೆಯ ಬಾಗಿಲಲ್ಲಿ ನಿಂತು ಯೋಚಿಸಬೇಕೆಂದು ಕೋರುತ್ತೇವೆ.